ಹತ್ತೇ ಸೆಕೆಂಡ್ ಜಾಗ: ಹಳೆಯ ಸ್ಯಾಂಪ್ಲರ್‌ಗಳು ಹಾಡಿನ ಸದ್ದನ್ನೇ ಬದಲಿಸಿದ ಕಥೆ

ನೀವು ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಮಲಗೋ ಮುಂಚೆ ಇಯರ್‌ಫೋನ್ ಹಾಕ್ಕೊಂಡಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಮೊದಲು ಒಂದು ಪ್ರಶ್ನೆ. ಫೋನಲ್ಲಿ ‘ಸ್ಟೋರೇಜ್ ಫುಲ್’ ಅಂತ ಬಂದಾಗ ನೀವು ಮೊದಲು ಏನನ್ನ ಡಿಲೀಟ್ ಮಾಡ್ತೀರಿ? ಗುಡ್ ಮಾರ್ನಿಂಗ್ ಫೋಟೋಗಳಾ? ಹಳೇ ವಿಡಿಯೋಗಳಾ?

ಹೋದ ತಿಂಗಳು ನಾನೂ ಹೀಗೇ ಡಿಲೀಟ್ ಮಾಡ್ತಾ ಕೂತಿದ್ದೆ. ಇನ್ನೇನು ಅಳಿಸಬೇಕು ಅನ್ನೋವಾಗ ಒಂದು ಆಡಿಯೋ ಫೈಲ್ ಸಿಕ್ಕಿತು. ಅದು ಯಾವುದು ಅಂತ ಕೊನೆಯಲ್ಲಿ ಹೇಳ್ತೀನಿ. ಈಗ ಅದಕ್ಕಿಂತ ಕಷ್ಟದ ಒಂದು ಪರಿಸ್ಥಿತಿ ಊಹಿಸಿಕೊಳ್ಳಿ. ನಿಮ್ಮ ಹತ್ತಿರ ಇರೋದು ಒಟ್ಟು ಹತ್ತು ಸೆಕೆಂಡ್ ಶಬ್ದಕ್ಕಾಗುವಷ್ಟು ಜಾಗ. ಹತ್ತು ನಿಮಿಷ ಅಲ್ಲ, ಹತ್ತು ಸೆಕೆಂಡ್. ಅದರಲ್ಲೇ ಒಂದು ಇಡೀ ಹಾಡು ಕಟ್ಟಬೇಕು. ಡ್ರಮ್ಸ್, ಬೇಸ್, ಪಿಯಾನೋ, ಯಾರದೋ ಒಂದು ಕೂಗು, ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು.

1980ರ ದಶಕದ ಕೊನೆಗೆ ನ್ಯೂಯಾರ್ಕಿನ ಹುಡುಗರು ಮಾಡಿದ್ದು ಇದನ್ನೇ. ಅವರು ಬಳಸಿದ ಯಂತ್ರದ ಹೆಸರು ಸ್ಯಾಂಪ್ಲರ್. ಆ ಯಂತ್ರದ ಪುಟ್ಟ ಮೆಮೊರಿ, ಅದರೊಳಗೆ ಶಬ್ದ ತುಂಬೋಕೆ, ಹೊರಗೆ ತೆಗೆಯೋಕೆ ಪಟ್ಟ ಪಾಡು, ಆ ಪಾಡಿನಿಂದಲೇ ಹುಟ್ಟಿದ ಸಂಗೀತ ಇವತ್ತಿನ ವಿಷಯ.

ಸ್ಯಾಂಪ್ಲರ್ ಅಂದ್ರೆ ಏನು?

ಗಣೇಶನ ಹಬ್ಬದ ಆರ್ಕೆಸ್ಟ್ರಾ ನೋಡಿದ್ದೀರಲ್ಲ? ವೇದಿಕೆ ಮೇಲೆ ಒಬ್ಬರು ರಬ್ಬರ್ ಪ್ಯಾಡ್ ಮೇಲೆ ಕೋಲಿನಿಂದ ಹೊಡೀತಾರೆ, ಸ್ಪೀಕರಿನಲ್ಲಿ ತಮಟೆ ಕೇಳುತ್ತೆ. ಇನ್ನೊಂದು ಪ್ಯಾಡ್ ಹೊಡೆದರೆ ಡೋಲು. ಅಲ್ಲಿ ತಮಟೆಯೂ ಇಲ್ಲ, ಡೋಲೂ ಇಲ್ಲ. ಯಾವತ್ತೋ ಯಾರೋ ಬಾರಿಸಿದ ಶಬ್ದ ಯಂತ್ರದ ಮೆಮೊರಿಯಲ್ಲಿ ಕೂತಿದೆ. ಹೊಡೆದಾಗ ಅದು ಹೊರಗೆ ಬರುತ್ತೆ. ಸ್ಯಾಂಪ್ಲರ್ ಮಾಡುವ ಕೆಲಸವೂ ಇದೇ. ಒಂದು ಶಬ್ದವನ್ನ ರೆಕಾರ್ಡ್ ಮಾಡಿಟ್ಟುಕೊಂಡು, ಬೇಕಾದಾಗ, ಬೇಕಾದ ಸ್ವರದಲ್ಲಿ ನುಡಿಸುತ್ತದೆ.

ಇದಕ್ಕೆ ಎಷ್ಟು ಜಾಗ ಬೇಕು? ಲೆಕ್ಕ ಸುಲಭ. ಡಿಜಿಟಲ್ ರೆಕಾರ್ಡಿಂಗ್ ಅಂದ್ರೆ ಶಬ್ದದ ಅಲೆಯನ್ನ ಒಂದೊಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡೋದು. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೀತಾರೆ. ಪ್ರತಿ ಅಳತೆಗೆ 16 ಬಿಟ್, ಅಂದರೆ 2 ಬೈಟ್. ಸ್ಟೀರಿಯೋ ಆದರೆ ಅದರ ಎರಡರಷ್ಟು. ಒಟ್ಟು ಸೆಕೆಂಡಿಗೆ ಸುಮಾರು 176 ಕೆಬಿ.

ನಮ್ಮ ಕಾಲಕ್ಕೆ ಇದು ಏನೇನೂ ಅಲ್ಲ. ಆದರೆ 1980ರ ಸುಮಾರಿಗೆ 1 ಎಂಬಿ ರ್‍ಯಾಮ್ ಬೇಕಾದರೆ ಸಾವಿರಾರು ಡಾಲರ್ ಕೊಡಬೇಕಿತ್ತು. ಹಾಗಾಗಿ ಸ್ಯಾಂಪ್ಲರ್ ಮಾಡುವವರ ಮುಂದಿದ್ದ ದಾರಿ ಮೂರೇ. ಸೆಕೆಂಡಿಗೆ ಕಡಿಮೆ ಸಲ ಅಳೆಯೋದು, ಒಂದೊಂದು ಅಳತೆಯನ್ನೂ ಒರಟಾಗಿ ಬರೆಯೋದು, ಇಲ್ಲವೇ ಕಡಿಮೆ ಹೊತ್ತು ರೆಕಾರ್ಡ್ ಮಾಡೋದು. ಬಹುತೇಕ ಎಲ್ಲರೂ ಮೂರನ್ನೂ ಮಾಡಿದರು.

ಸಿಡ್ನಿಯಿಂದ ಶುರು

1979. ಆಸ್ಟ್ರೇಲಿಯಾದ ಸಿಡ್ನಿ. ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಅನ್ನೋ ಇಬ್ಬರು ‘ಫೇರ್‌ಲೈಟ್ ಸಿಎಂಐ’ ಎಂಬ ಯಂತ್ರವನ್ನು ಹೊರತಂದರು. ಕೀಬೋರ್ಡ್, ಟಿವಿಯಂಥ ಪರದೆ, ಪರದೆ ಮೇಲೆ ಗೀಚೋಕೆ ಒಂದು ಬೆಳಕಿನ ಪೆನ್ನು, ದೊಡ್ಡ ಎಂಟು ಇಂಚಿನ ಫ್ಲಾಪಿಗಳು. ಬೆಲೆ 20 ಸಾವಿರ ಡಾಲರ್‌ಗೂ ಮೇಲೆ.

ಇವರು ಮೊದಲು ಹೊರಟಿದ್ದು ಬೇರೆ ದಾರಿಯಲ್ಲಿ. ನಿಜವಾದ ವಾದ್ಯದ ಸದ್ದನ್ನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಯೇ ಹುಟ್ಟಿಸಬೇಕು ಅಂತಿದ್ದರು. ಅದು ಆ ಕಾಲದ ಕಂಪ್ಯೂಟರಿಗೆ ಭಾರವಾಯಿತು. ಹಾಗಾದರೆ ನಿಜವಾದ ಶಬ್ದವನ್ನೇ ಯಾಕೆ ರೆಕಾರ್ಡ್ ಮಾಡಿ ನುಡಿಸಬಾರದು ಅಂತ ಪ್ರಯತ್ನಿಸಿದರು. ಅಡ್ಡದಾರಿ ಅಂದುಕೊಂಡಿದ್ದೇ ಕೊನೆಗೆ ಹೆದ್ದಾರಿಯಾಯಿತು.

ಆದರೆ ಮೆಮೊರಿ? ಒಂದೊಂದು ಸ್ವರಕ್ಕೆ 16 ಕೆಬಿ. ಅಂಥ ಎಂಟು ಸ್ವರ. ಚೆನ್ನಾಗಿ ಕೇಳಿಸಬೇಕು ಅಂದರೆ ಒಂದು ಸೆಕೆಂಡೂ ಸಿಗುತ್ತಿರಲಿಲ್ಲ.

ಅಷ್ಟರಲ್ಲೇ ಒಂದು ಶಬ್ದ ಪ್ರಪಂಚ ಸುತ್ತಿತು. ಫೇರ್‌ಲೈಟ್ ಜೊತೆ ಬರುತ್ತಿದ್ದ ಶಬ್ದಸಂಗ್ರಹದಲ್ಲಿ ‘ಆರ್ಕ್ 5’ ಅಂತ ಒಂದು ಚಿಕ್ಕ ಫೈಲ್ ಇತ್ತು. ರಷ್ಯಾದ ಸಂಗೀತಗಾರ ಸ್ಟ್ರಾವಿನ್‌ಸ್ಕಿ ಬರೆದ ‘ಫೈರ್‌ಬರ್ಡ್’ ಕೃತಿಯಲ್ಲಿ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಬಾರಿಸುವ ಒಂದೇ ಒಂದು ಹೊಡೆತ ಅದು. 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ಅವರ ‘ಪ್ಲಾನೆಟ್ ರಾಕ್’ ಹಾಡಿನಲ್ಲಿ ಅದು ಕೇಳಿಸಿತು. ಆಮೇಲೆ ಆ ದಶಕದ ಎಷ್ಟೋ ಪಾಪ್ ಹಾಡುಗಳಲ್ಲಿ ಅಂಥದ್ದೇ ‘ಢಂ’ ಕೇಳಿಸತೊಡಗಿತು. 1910ರಲ್ಲಿ ಪ್ಯಾರಿಸ್ಸಿನ ರಂಗಮಂದಿರದಲ್ಲಿ ಮೊದಲು ಕೇಳಿಸಿದ ಬ್ಯಾಲೆ ಸಂಗೀತದ ಒಂದು ತುಣುಕು ಫ್ಲಾಪಿ ಹತ್ತಿ ಬ್ರಾಂಕ್ಸ್‌ಗೆ ಬಂದಿತ್ತು. ಈ ಮಾತನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಮತ್ತೆ ಬರ್ತೀವಿ ಇಲ್ಲಿಗೆ.

ಎರಡು ಸೆಕೆಂಡನ್ನ ಎಳೆಯೋದು ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಇ-ಮ್ಯು’ ಅನ್ನೋ ಸಣ್ಣ ಕಂಪನಿ ಇತ್ತು. ಅದರ ಎಂಜಿನಿಯರ್ ಡೇವ್ ರಾಸಮ್ ಫೇರ್‌ಲೈಟ್ ನೋಡಿದಾಗ ಒಂದು ವಿಷಯ ಗಮನಿಸಿದರು. ಫೇರ್‌ಲೈಟಿನಲ್ಲಿ ಪ್ರತಿ ಸ್ವರಕ್ಕೂ ಬೇರೆ ಬೇರೆ ಮೆಮೊರಿ. ಒಂದೇ ಶಬ್ದವನ್ನ ಎಂಟು ಸ್ವರಗಳಲ್ಲಿ ನುಡಿಸಬೇಕಾದರೆ ಎಂಟು ಪ್ರತಿ ಬೇಕು. ಒಂದೇ ಮೆಮೊರಿಯನ್ನ ಎಲ್ಲ ಸ್ವರಗಳೂ ಹಂಚಿಕೊಂಡು ಓದಿದರೆ? ಮನೆಯಲ್ಲಿ ಎಂಟು ಜನಕ್ಕೆ ಎಂಟು ಪೇಪರ್ ತರಿಸೋ ಬದಲು ಒಂದೇ ಪೇಪರನ್ನ ಎಲ್ಲರೂ ಓದಿದ ಹಾಗೆ.

1981ರಲ್ಲಿ ಬಂದ ‘ಎಮ್ಯುಲೇಟರ್’ ಹೀಗೆ ಹುಟ್ಟಿತು. ಮೆಮೊರಿ 128 ಕೆಬಿ. ಕೀಬೋರ್ಡಿನ ಎಡಭಾಗಕ್ಕೆ ಒಂದು ಶಬ್ದ, ಬಲಭಾಗಕ್ಕೆ ಒಂದು, ತಲಾ ಎರಡು ಸೆಕೆಂಡ್. ಮೊದಲ ಯಂತ್ರ ಹೋಗಿದ್ದು ಸ್ಟೀವಿ ವಂಡರ್ ಅವರಿಗೆ.

ಎರಡೇ ಸೆಕೆಂಡ್ ಕೊಳಲಿನ ಸದ್ದು ಇದ್ದರೆ ಆರು ಸೆಕೆಂಡಿನ ಆಲಾಪ ನುಡಿಸೋದು ಹೇಗೆ? ಇದಕ್ಕೆ ಉತ್ತರ ಲೂಪ್. ಕೊಳಲು ಊದುವಾಗ ಮೊದಲು ‘ಫೂ’ ಅಂತ ಉಸಿರಿನ ಸದ್ದು, ಆಮೇಲೆ ಒಂದೇ ಸಮನೆ ಸ್ವರ. ಉಸಿರಿನ ಭಾಗವನ್ನ ಒಂದು ಸಲ ನುಡಿಸಿ, ಮುಂದಿನ ಚಿಕ್ಕ ಭಾಗವನ್ನ ತಿರುಗಿಸುತ್ತಾ ಇದ್ದರೆ ಆಯಿತು. ಬೆರಳು ಎತ್ತುವವರೆಗೂ ಶ್ರುತಿಪೆಟ್ಟಿಗೆಯ ಹಾಗೆ ಸ್ವರ ನಿಲ್ಲುತ್ತದೆ. ಉಳಿದಿದ್ದನ್ನ ಕತ್ತರಿಸಿ ಬಿಸಾಡಬಹುದು.

ಹೇಳೋಕೆ ಸುಲಭ, ಮಾಡೋದು ಕಷ್ಟ. ಲೂಪಿನ ಕೊನೆ ಮತ್ತು ಮೊದಲು ಸರಿಯಾಗಿ ಕೂಡದಿದ್ದರೆ ಪ್ರತಿ ಸುತ್ತಿಗೂ ‘ಟಿಕ್’ ಅನ್ನುತ್ತೆ. ಶಬ್ದದ ಅಲೆ ಸೊನ್ನೆಯನ್ನ ದಾಟುವ ಜಾಗ ಹುಡುಕಿ, ಅಲ್ಲೇ ಕತ್ತರಿಸಿ, ಅಲ್ಲೇ ಜೋಡಿಸಬೇಕು. ಅನೇಕ ಯಂತ್ರಗಳಲ್ಲಿ ಅಲೆ ನೋಡೋಕೆ ಪರದೆಯೂ ಇರಲಿಲ್ಲ. 1985ರ ಸುಮಾರಿಗೆ ಬಂದ ಎನ್ಸೋನಿಕ್ ಮಿರಾಜ್‌ನಲ್ಲಿ ಇದ್ದದ್ದು ಎರಡೇ ಅಂಕಿ ತೋರಿಸುವ ಕಿಂಡಿ. ಸಂಖ್ಯೆ ಬದಲಿಸು, ಕೇಳು, ಮತ್ತೆ ಬದಲಿಸು, ಮತ್ತೆ ಕೇಳು. ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.

ಇನ್ನೊಂದು ತಾಪತ್ರಯ ಇತ್ತು. ಹಳೆಯ ಸ್ಯಾಂಪ್ಲರಿನಲ್ಲಿ ಮೇಲಿನ ಸ್ವರ ಬೇಕಾದರೆ ಅದೇ ಶಬ್ದವನ್ನ ವೇಗವಾಗಿ ಓಡಿಸಬೇಕು. ಒಂದು ಸ್ಥಾಯಿ ಮೇಲೆ ಹೋದರೆ ವೇಗ ಎರಡರಷ್ಟು, ಉದ್ದ ಅರ್ಧ. ಕ್ಯಾಸೆಟ್ ಫಾಸ್ಟ್ ಆಗಿ ಓಡಿದರೆ ಗಾಯಕರ ದನಿ ಇಲಿಯ ದನಿ ಆಗುತ್ತಲ್ಲ, ಹಾಗೆ. ಸಹಜವಾಗಿ ಕೇಳಿಸಬೇಕಾದರೆ ಮೂರ್ನಾಲ್ಕು ಮನೆಗೊಂದರಂತೆ ಬೇರೆ ಬೇರೆ ರೆಕಾರ್ಡಿಂಗ್ ಬೇಕು. ಅದಕ್ಕೆ ಜಾಗ ಎಲ್ಲಿದೆ? ಒಂದೇ ವಾದ್ಯ ಚೆನ್ನಾಗಿ ಇರಬೇಕಾ, ನಾಲ್ಕು ವಾದ್ಯ ಸುಮಾರಾಗಿ ಇರಬೇಕಾ? ಪ್ರತಿ ಹಾಡಿಗೂ ಈ ತೀರ್ಮಾನ ಮಾಡಲೇಬೇಕಿತ್ತು.

ನ್ಯೂಯಾರ್ಕ್, ಎಸ್‌ಪಿ-1200

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಒಂದು ಅಪಾರ್ಟ್‌ಮೆಂಟಿನ ಪಾರ್ಟಿಯಲ್ಲಿ ಡಿಜೆ ಕೂಲ್ ಹರ್ಕ್ ಹಾಡುಗಳನ್ನ ಹಾಕಿದ್ದು ಹಿಪ್‌ಹಾಪ್ ಹುಟ್ಟಿದ ದಿನ ಅಂತ ಹೇಳ್ತಾರೆ. ಹರ್ಕ್ ಗಮನಿಸಿದ್ದು ಇಷ್ಟೇ: ಹಾಡಿನ ನಡುವೆ ಉಳಿದ ವಾದ್ಯಗಳು ನಿಂತು ಬರೀ ಡ್ರಮ್ಸ್ ಬಾರಿಸುವ ಕೆಲವು ಸೆಕೆಂಡ್ ಬಂದಾಗ ಜನ ಕುಣಿಯೋದು ಜಾಸ್ತಿ. ಇದಕ್ಕೆ ‘ಬ್ರೇಕ್’ ಅಂತಾರೆ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದನ್ನ ಶುರು ಮಾಡಿ, ಡಿಜೆಗಳು ಈ ಬ್ರೇಕ್‌ಗಳನ್ನ ನಿಮಿಷಗಟ್ಟಲೆ ಎಳೆಯತೊಡಗಿದರು.

ಸ್ಯಾಂಪ್ಲರ್ ಬಂದಾಗ ಈ ಕೈಕೆಲಸ ಯಂತ್ರದೊಳಗೆ ಹೋಯಿತು. 1980ರ ದಶಕದ ನಡುವಿನಲ್ಲಿ ಕ್ವೀನ್ಸ್‌ನ ಮಾರ್ಲಿ ಮಾರ್ಲ್ ಒಂದು ಹಳೆಯ ರೆಕಾರ್ಡಿನಿಂದ ದನಿ ತೆಗೆಯೋಕೆ ಹೋದಾಗ ಆಕಸ್ಮಿಕವಾಗಿ ಅದರ ಜೊತೆ ಒಂದು ಸ್ನೇರ್ ಡ್ರಮ್ಮಿನ ಹೊಡೆತ ಸಿಕ್ಕಿಬಿತ್ತು. ಅದನ್ನ ತಾಳಕ್ಕೆ ಸರಿಯಾಗಿ ಬಾರಿಸಿ ನೋಡಿದರು. ಡ್ರಮ್ ಮಷೀನಿನ ಸದ್ದಿಗಿಂತ ಎಷ್ಟೋ ಚೆನ್ನಾಗಿತ್ತು. ಅಲ್ಲಿಂದ ಹಳೆಯ ರೆಕಾರ್ಡುಗಳ ಒಂದೊಂದು ಡ್ರಮ್ ಹೊಡೆತವೂ ಬಳಸಬಹುದಾದ ಸಾಮಗ್ರಿಯಾಯಿತು.

1987ರಲ್ಲಿ ಇ-ಮ್ಯು ‘ಎಸ್‌ಪಿ-1200’ ತಂದಿತು. ಎಂಟು ಬಟನ್, ಎಂಟು ಸ್ಲೈಡರ್, ಒಂದು ಫ್ಲಾಪಿ ಡ್ರೈವ್. 12 ಬಿಟ್, ಸೆಕೆಂಡಿಗೆ ಸುಮಾರು 26,000 ಅಳತೆ. ಒಟ್ಟು ಹತ್ತು ಸೆಕೆಂಡ್ ಜಾಗ, ಅದೂ ನಾಲ್ಕು ಭಾಗವಾಗಿ. ಒಂದು ಶಬ್ದ ಎರಡೂವರೆ ಸೆಕೆಂಡಿಗಿಂತ ಉದ್ದ ಇರುವ ಹಾಗಿಲ್ಲ. ಲೆಕ್ಕ ಹಾಕಿದರೆ ಇಡೀ ಮೆಮೊರಿ 400 ಕೆಬಿಯ ಆಸುಪಾಸು. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬರುವ ಎಷ್ಟೋ ಫೋಟೋಗಳು ಇದಕ್ಕಿಂತ ದೊಡ್ಡವು.

ಇದನ್ನ ಮಾಡಿದವರ ಲೆಕ್ಕದಲ್ಲಿ ಇದೊಂದು ಡ್ರಮ್ ಮಷೀನ್. ಒಂದು ಕಿಕ್ ಅರ್ಧ ಸೆಕೆಂಡ್, ಒಂದು ಸ್ನೇರ್ ಅರ್ಧ ಸೆಕೆಂಡ್, ಸಾಕಲ್ಲ ಅಂತ. ಆದರೆ ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಲಾರ್ಡ್ ಫಿನೆಸ್‌ರಂಥವರಿಗೆ ಅದರಲ್ಲಿ ಜಾಝ್ ರೆಕಾರ್ಡಿನ ಬೇಸ್ ಬೇಕಿತ್ತು, ಸೋಲ್ ಹಾಡಿನ ತುತ್ತೂರಿ ಬೇಕಿತ್ತು. ಎರಡೂವರೆ ಸೆಕೆಂಡಲ್ಲಿ ಅದು ಹಿಡಿಯೋದಿಲ್ಲ.

ಆಗ ಒಂದು ಉಪಾಯ ಎಲ್ಲ ಕಡೆ ಹರಡಿತು. ಎಲ್‌ಪಿ ರೆಕಾರ್ಡ್ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗಬೇಕು. ಅದನ್ನ 45ರ ವೇಗಕ್ಕೆ ಇಟ್ಟು ನುಡಿಸಿದರೆ? ಹಾಡು ಬೇಗ ಮುಗಿಯುತ್ತೆ. ಸುಮಾರು 3.4 ಸೆಕೆಂಡಿನ ಸಂಗೀತ ಎರಡೂವರೆ ಸೆಕೆಂಡಲ್ಲಿ ಕೂತುಬಿಡುತ್ತೆ. ಒಳಗೆ ಹೋದ ಮೇಲೆ ಯಂತ್ರದಲ್ಲಿ ಸ್ವರವನ್ನ ಕೆಳಗಿಳಿಸಿದರೆ ಹಾಡು ತನ್ನ ಮೂಲ ವೇಗಕ್ಕೆ ವಾಪಸ್ ಬರುತ್ತೆ. ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ಸುತ್ತಿ ತುಂಬಿ, ಊರಿಗೆ ಹೋಗಿ ಬಿಚ್ಚಿದ ಹಾಗೆ.

ಬಿಚ್ಚಿದಾಗ ಬಟ್ಟೆ ಸುಕ್ಕಾಗಿರುತ್ತಲ್ಲ? ಶಬ್ದಕ್ಕೂ ಅದೇ ಆಯಿತು. ಎಸ್‌ಪಿ-1200 ಸ್ವರ ಇಳಿಸುವಾಗ ಅಳತೆಗಳ ನಡುವಿನ ಖಾಲಿ ಜಾಗವನ್ನ ನಯವಾಗಿ ತುಂಬುತ್ತಿರಲಿಲ್ಲ, ಹತ್ತಿರದ ಅಳತೆಯನ್ನೇ ಮತ್ತೆ ಮತ್ತೆ ಓದುತ್ತಿತ್ತು. ಅದರಿಂದ ಮೇಲಿನ ಸ್ವರಗಳಲ್ಲಿ ಒಂದು ಥರ ಮರಳು ಉಜ್ಜಿದಂಥ ಸದ್ದು, ಲೋಹದ ಝಣಝಣ. ಎಂಜಿನಿಯರುಗಳ ಪ್ರಕಾರ ಅದು ದೋಷ. ಕೇಳಿದವರಿಗೆ ಅದೇ ನ್ಯೂಯಾರ್ಕಿನ ಸದ್ದು. 1990ರ ದಶಕದ ಆರಂಭದ ಹಿಪ್‌ಹಾಪ್ ಕೇಳಿದಾಗ ಡ್ರಮ್ಸ್ ಕೊಳೆ ಕೊಳೆಯಾಗಿ, ಗಟ್ಟಿಯಾಗಿ, ಎದೆಗೆ ಬಡಿದ ಹಾಗೆ ಇರುತ್ತಲ್ಲ, ಆ ಕೊಳೆ ಬಂದಿದ್ದು ಜಾಗ ಉಳಿಸೋಕೆ ಹೋಗಿ. ಇವತ್ತು ‘ಲೋ-ಫೈ ಬೀಟ್ಸ್’ ಅಂತ ಹಾಕ್ಕೊಂಡು ಓದೋಕೆ ಕೂರ್ತೀರಲ್ಲ, ಅದರಲ್ಲಿ ಬೇಕಂತಲೇ ಸೇರಿಸುವ ಒರಟುತನಕ್ಕೂ ಮೂಲ ಇಂಥ ಯಂತ್ರಗಳೇ.

ಉಳಿದ ಉಪಾಯಗಳೂ ಹೀಗೇ. ಇಡೀ ಬ್ರೇಕ್ ಹಿಡಿಯೋದಿಲ್ಲವಾ? ಒಂದು ಕಿಕ್, ಒಂದು ಸ್ನೇರ್, ಒಂದು ಹೈಹ್ಯಾಟ್ ಮಾತ್ರ ಕತ್ತರಿಸಿ ಇಟ್ಕೋ, ತಾಳವನ್ನ ನೀನೇ ಕಟ್ಟು. ಹೀಗೆ ಹುಟ್ಟಿದ್ದು ‘ಚಾಪ್’ ಮಾಡುವ ಕಲೆ. ಶಬ್ದದ ಮೊದಲಿನ, ಕೊನೆಯ ಮೌನವನ್ನ ಕೂದಲೆಳೆಯಷ್ಟೂ ಬಿಡದೆ ಕತ್ತರಿಸು. ಅಕಾಯ್ ಎಸ್900ರಂಥ ಯಂತ್ರದಲ್ಲಿ ಅಳತೆಯ ವೇಗವನ್ನ ನಾವೇ ಆರಿಸಬಹುದಿತ್ತು. ಬೇಸ್‌ಗೆ ಮೇಲಿನ ಸ್ವರಗಳ ಹಂಗಿಲ್ಲ, ಹಾಗಾಗಿ ಅದನ್ನ ಕಡಿಮೆ ವೇಗದಲ್ಲಿ ತಗೊಂಡು, ಉಳಿದ ಜಾಗವನ್ನ ಸಿಂಬಲ್‌ಗೆ ಬಿಟ್ಟುಕೊಡು. ಮನೆಯ ತಿಂಗಳ ಖರ್ಚಿನ ಲೆಕ್ಕ ಹಾಕಿದ ಹಾಗೇ.

ಶ್ರೀಮಂತ ಸ್ಟುಡಿಯೋಗಳಿಗೆ ಮಾತ್ರ ಸೀಮಿತವಾಗಿದ್ದ ಈ ವಿದ್ಯೆ ಅದೇ ಹೊತ್ತಿಗೆ ಮಕ್ಕಳ ಕೈಗೂ ಬಂತು. ಕ್ಯಾಸಿಯೋ ಎಸ್‌ಕೆ-1 ಅನ್ನೋ ಪುಟ್ಟ ಕೀಬೋರ್ಡ್, ಬೆಲೆ ಸುಮಾರು 100 ಡಾಲರ್. 1.4 ಸೆಕೆಂಡ್ ರೆಕಾರ್ಡ್ ಮಾಡಬಹುದಿತ್ತು. ನಾಯಿ ಬೊಗಳಿದ್ದನ್ನ ಹಿಡಿದು ಆ ದನಿಯಲ್ಲೇ ಹಾಡು ನುಡಿಸಬಹುದಿತ್ತು. ಸ್ವಿಚ್ ಆಫ್ ಮಾಡಿದರೆ ಎಲ್ಲ ಮಾಯ.

ಒಂದು ಸೆಕೆಂಡ್ ಸಾಗಿಸೋಕೆ 45 ಸೆಕೆಂಡ್

ಈ ‘ಮಾಯ’ ಅನ್ನೋದು ದೊಡ್ಡ ಯಂತ್ರಗಳಿಗೂ ಅನ್ವಯಿಸುತ್ತಿತ್ತು. ರ್‍ಯಾಮ್ ಅಂದರೆ ಕರೆಂಟ್ ಇರುವವರೆಗೆ ಮಾತ್ರ ನೆನಪು. ರಾತ್ರಿಯೆಲ್ಲ ಕೂತು ಕತ್ತರಿಸಿ ಕಟ್ಟಿದ ಬೀಟ್ ಉಳಿಯಬೇಕಾದರೆ ಫ್ಲಾಪಿಗೆ ಬರೆಯಲೇಬೇಕು. ಫ್ಲಾಪಿ ನೋಡಿಲ್ಲದವರಿಗೆ ಹೇಳ್ತೀನಿ. ಕಂಪ್ಯೂಟರಿನಲ್ಲಿ ‘ಸೇವ್’ ಮಾಡೋಕೆ ಒಂದು ಚೌಕದ ಗುರುತು ಇರುತ್ತಲ್ಲ, ಅದು ಫ್ಲಾಪಿಯ ಚಿತ್ರ.

1988ರ ಅಕಾಯ್ ಎಸ್1000 ಆ ಕಾಲಕ್ಕೆ ರಾಜ. 16 ಬಿಟ್, ಸಿಡಿಯಷ್ಟೇ ಗುಣಮಟ್ಟ, 2 ಎಂಬಿ ಮೆಮೊರಿ. ಸ್ಟೀರಿಯೋದಲ್ಲಿ ಹನ್ನೆರಡು ಸೆಕೆಂಡಿನ ಹತ್ತಿರ. ಹಣ ಇದ್ದವರು 32 ಎಂಬಿವರೆಗೂ ಹಾಕಿಸಬಹುದಿತ್ತು. ಆದರೆ ಒಂದು ಫ್ಲಾಪಿಯಲ್ಲಿ ಹಿಡಿಯೋದು ಸುಮಾರು ಒಂದೂವರೆ ಎಂಬಿ. 8 ಎಂಬಿ ತುಂಬಿದ ಹಾಡಿಗೆ ಐದಾರು ಫ್ಲಾಪಿ. ವೇದಿಕೆ ಮೇಲೆ ಎರಡು ಹಾಡಿನ ನಡುವೆ ಒಂದೊಂದೇ ಫ್ಲಾಪಿ ತುರುಕಿ, ಗರಗರ ಸದ್ದು ನಿಲ್ಲುವವರೆಗೆ ಕಾಯಬೇಕು. ಒಂದು ಫ್ಲಾಪಿ ಕೆಟ್ಟರೆ ಹಾಡಿನ ಒಂದು ಭಾಗವೇ ಹೋಯಿತು.

ಒಂದು ಕಂಪನಿಯ ಯಂತ್ರದಿಂದ ಇನ್ನೊಂದು ಕಂಪನಿಯ ಯಂತ್ರಕ್ಕೆ ಶಬ್ದ ಕಳಿಸೋದು ಇನ್ನೂ ಕಷ್ಟ. ಪ್ರತಿ ಕಂಪನಿಯೂ ಫ್ಲಾಪಿಯಲ್ಲಿ ತನ್ನದೇ ರೀತಿಯಲ್ಲಿ ಬರೆಯುತ್ತಿತ್ತು. ಅಕಾಯ್ ಫ್ಲಾಪಿಯನ್ನ ಮಾಮೂಲಿ ಕಂಪ್ಯೂಟರಿಗೆ ಹಾಕಿದರೆ ಅದು ಖಾಲಿ ಅಂದುಕೊಂಡು ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತಿತ್ತು. ಹೂಂ ಅಂದರೆ ಕಥೆ ಮುಗಿಯಿತು.

1986ರಲ್ಲಿ ಇದಕ್ಕೊಂದು ಎಲ್ಲರೂ ಒಪ್ಪಿದ ದಾರಿ ಬಂತು. ವಾದ್ಯಗಳನ್ನ ಜೋಡಿಸುವ ಮಿಡಿ ಕೇಬಲ್ಲಿನ ಮೂಲಕವೇ ಶಬ್ದ ಕಳಿಸುವ ‘ಸ್ಯಾಂಪಲ್ ಡಂಪ್’ ಪದ್ಧತಿ. ತೊಂದರೆ ಏನಂದರೆ, ಮಿಡಿ ಮಾಡಿದ್ದು ಯಾವ ಕೀಲಿ ಒತ್ತಿದರು, ಯಾವಾಗ ಬಿಟ್ಟರು ಅನ್ನೋ ಪುಟ್ಟ ಸಂದೇಶಗಳಿಗಾಗಿ. ಅದರ ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ 3,125 ಬೈಟ್. ಜೊತೆಗೆ ಮಿಡಿಯಲ್ಲಿ ಒಂದು ಬೈಟಿನಲ್ಲಿ 7 ಬಿಟ್ ಮಾತ್ರ ಮಾಹಿತಿ ಕಳಿಸಬಹುದು. 16 ಬಿಟ್ಟಿನ ಒಂದು ಅಳತೆಗೆ ಮೂರು ಬೈಟ್ ಬೇಕಾಗುತ್ತೆ. ಅದನ್ನ 120 ಬೈಟಿನ ಪೊಟ್ಟಣಗಳಾಗಿ ಕಟ್ಟಿ, ಪ್ರತಿ ಪೊಟ್ಟಣಕ್ಕೂ ವಿಳಾಸ, ತಾಳೆಯ ಸಂಖ್ಯೆ ಅಂತ ಇನ್ನೂ 7 ಬೈಟ್ ಸೇರಿಸಿ ಕಳಿಸಬೇಕು.

ಗುಣಿಸಿ ನೋಡಿ. ಸಿಡಿ ಗುಣಮಟ್ಟದ ಒಂದೇ ಒಂದು ಸೆಕೆಂಡ್ ಮೋನೋ ಶಬ್ದ ಸಾಗಿಸೋಕೆ ಸುಮಾರು 45 ಸೆಕೆಂಡ್. ಹತ್ತು ಸೆಕೆಂಡಿನ ಶಬ್ದಕ್ಕೆ ಏಳೂವರೆ ನಿಮಿಷ. ಹೋಗಿ ಕಾಫಿ ಮಾಡಿಕೊಂಡು ಬರಬಹುದು. ಬಂದು ನೋಡಿದಾಗ ಪರದೆ ಮೇಲೆ ‘ಎರರ್’ ಅಂತಿದ್ದರೆ ಮತ್ತೆ ಮೊದಲಿಂದ.

ಆಮೇಲೆ ‘ಸ್ಕಸಿ’ ಅನ್ನೋ ದಪ್ಪ ಕೇಬಲ್ ಬಂತು. ಹಾರ್ಡ್ ಡಿಸ್ಕ್, ಸಿಡಿ ಡ್ರೈವ್ ಎಲ್ಲ ಸ್ಯಾಂಪ್ಲರಿಗೆ ಜೋಡಿಸಬಹುದಾಯಿತು. ವೇಗ ಬಹಳ ಜಾಸ್ತಿ. ಆದರೆ ಸಾಲಿನ ಪ್ರತಿ ಯಂತ್ರಕ್ಕೂ ಬೇರೆ ಬೇರೆ ನಂಬರ್ ಕೊಡಬೇಕು, ಸಾಲಿನ ಎರಡೂ ತುದಿಗೆ ಟರ್ಮಿನೇಟರ್ ಹಾಕಬೇಕು, ಪವರ್ ಆನ್ ಇರುವಾಗ ಕೇಬಲ್ ಮುಟ್ಟಬಾರದು. ಒಂದು ತಪ್ಪಿದರೂ ಏನೂ ಕಾಣಿಸೋದಿಲ್ಲ. 1995ರ ಹೊತ್ತಿಗೆ 100 ಎಂಬಿಯ ಜಿಪ್ ಡಿಸ್ಕ್ ಬಂದಾಗ ಅನೇಕರು ತಮ್ಮ ಇಡೀ ಶಬ್ದಸಂಗ್ರಹವನ್ನ ಅದಕ್ಕೆ ಸಾಗಿಸಿ ನಿಟ್ಟುಸಿರು ಬಿಟ್ಟರು. ಕೆಲವರ ಡ್ರೈವುಗಳು ಒಂದು ದಿನ ‘ಟಕ್ ಟಕ್’ ಅನ್ನತೊಡಗಿ ಡಿಸ್ಕ್‌ಗಳನ್ನೇ ಓದದೆ ಹೋದವು.

ಹೆಸರಿಗೆ ಜಾಗ ಇರಲಿಲ್ಲ

ಆಗಲೇ ಒಂದು ಮಾತು ನೆನಪಿಟ್ಕೊಳ್ಳಿ ಅಂದಿದ್ದೆ. ಪ್ಯಾರಿಸ್ಸಿನ ರಂಗಮಂದಿರದಿಂದ ಬ್ರಾಂಕ್ಸ್‌ಗೆ ಹೋದ ಶಬ್ದ. ಶಬ್ದವನ್ನ ಹೀಗೆ ಸಾಗಿಸುವಾಗ ಅದರ ಜೊತೆ ಏನು ಹೋಗುತ್ತೆ, ಏನು ಹಿಂದೆ ಉಳಿಯುತ್ತೆ?

1969ರಲ್ಲಿ ಅಮೆರಿಕದ ‘ದ ವಿನ್‌ಸ್ಟನ್ಸ್’ ಎಂಬ ತಂಡ ಒಂದು ರೆಕಾರ್ಡ್ ಬಿಡುಗಡೆ ಮಾಡಿತು. ಅದರ ಹಿಂಬದಿಯಲ್ಲಿ ‘ಅಮೆನ್, ಬ್ರದರ್’ ಅಂತ ಒಂದು ವಾದ್ಯಸಂಗೀತ. ಅದರ ನಡುವೆ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬರೇ ನಾಲ್ಕು ಆವರ್ತ ಬಾರಿಸುತ್ತಾರೆ. ಸುಮಾರು ಏಳು ಸೆಕೆಂಡ್ ಅಷ್ಟೇ. 1986ರಲ್ಲಿ ಡಿಜೆಗಳಿಗಾಗಿ ಹೊರತಂದ ಬ್ರೇಕ್‌ಗಳ ಸಂಕಲನವೊಂದರಲ್ಲಿ ಅದು ಸೇರಿತು. ಸರಿಯಾಗಿ ಸ್ಯಾಂಪ್ಲರ್‌ಗಳು ಹುಡುಗರ ಕೈಗೆ ಬರುವ ಹೊತ್ತಿಗೆ.

ಮೆಮೊರಿ ಚಿಕ್ಕದು, ಬ್ರೇಕ್ ಚಿಕ್ಕದು, ಎರಡಕ್ಕೂ ಹೇಳಿ ಮಾಡಿಸಿದ ಜೋಡಿ. ಅಮೆರಿಕದ ರ್‍ಯಾಪ್ ಹಾಡುಗಳಲ್ಲಿ ಬಂತು. 1990ರ ದಶಕದ ಲಂಡನ್ನಿನಲ್ಲಿ ಅದನ್ನೇ ಅಕಾಯ್ ಯಂತ್ರಗಳಲ್ಲಿ ಕತ್ತರಿಸಿ, ವೇಗ ಹೆಚ್ಚಿಸಿ, ಹಿಂದೆ ಮುಂದೆ ಮಾಡಿ ‘ಜಂಗಲ್’ ಅನ್ನೋ ಹೊಸ ಪ್ರಕಾರವನ್ನೇ ಕಟ್ಟಿದರು. ಡ್ರಮ್ ಆ್ಯಂಡ್ ಬೇಸ್ ಬಂದಿದ್ದು ಅಲ್ಲಿಂದ. ಸಾವಿರಾರು ಹಾಡುಗಳಲ್ಲಿ ಆ ಏಳು ಸೆಕೆಂಡ್ ಇದೆ. ಆ ಹೆಸರು ಕೇಳಿಲ್ಲದಿದ್ದರೂ ನೀವು ಅದನ್ನ ಎಲ್ಲೋ ಕೇಳಿಯೇ ಇರ್ತೀರಿ.

ಗ್ರೆಗರಿ ಕೋಲ್ಮನ್‌ಗೆ ಇದರಿಂದ ಒಂದು ಪೈಸೆಯೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ ಮನೆಯಿಲ್ಲದ ಸ್ಥಿತಿಯಲ್ಲಿ ಅವರು ತೀರಿಕೊಂಡರು. 2015ರಲ್ಲಿ ಬ್ರಿಟನ್ನಿನ ಇಬ್ಬರು ಡಿಜೆಗಳು ಆನ್‌ಲೈನಲ್ಲಿ ಚಂದಾ ಎತ್ತಿ, ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಸುಮಾರು 24 ಸಾವಿರ ಪೌಂಡ್ ಕೊಟ್ಟರು. ಡ್ರಮ್ ಬಾರಿಸಿದವರು ಅದನ್ನ ನೋಡೋಕೆ ಇರಲಿಲ್ಲ.

1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕೋರ್ಟ್ ಬಿಜ್ ಮಾರ್ಕಿ ಎಂಬ ರ್‍ಯಾಪರ್ ವಿರುದ್ಧ ತೀರ್ಪು ಕೊಟ್ಟಿತು. ಅನುಮತಿ ಇಲ್ಲದೆ ಇನ್ನೊಬ್ಬರ ಹಾಡಿನ ತುಣುಕು ಬಳಸುವ ಹಾಗಿಲ್ಲ ಅಂತ. ಆಮೇಲೆ ಕಂಪನಿಗಳು ಎಚ್ಚರವಾದವು. ಆದರೆ ದುಡ್ಡು ಹೋಗಿದ್ದು ಸಾಮಾನ್ಯವಾಗಿ ಹಾಡಿನ ಹಕ್ಕು ಇಟ್ಟುಕೊಂಡವರಿಗೆ, ದಿನಗೂಲಿಗೆ ಬಂದು ಡ್ರಮ್ ಬಾರಿಸಿ ಹೋದವರಿಗೆ ಅಲ್ಲ.

ತಪ್ಪು ಬೀಟ್ ಕಟ್ಟಿದ ಹುಡುಗರದ್ದು ಮಾತ್ರವಾ? ನನಗೆ ಹಾಗನ್ನಿಸೋದಿಲ್ಲ. ಅವರಲ್ಲಿ ಹೆಚ್ಚಿನವರು ಬಡ ಬಡಾವಣೆಗಳ ಹುಡುಗರು. ಅಪ್ಪ ಅಮ್ಮನ ಹಳೆಯ ರೆಕಾರ್ಡುಗಳ ಮೇಲಿನ ಪ್ರೀತಿಯಿಂದಲೇ ಅದನ್ನ ಮಾಡಿದವರು. ಜನ ಮರೆತಿದ್ದ ಎಷ್ಟೋ ಕಲಾವಿದರನ್ನ ಮತ್ತೆ ಕೇಳುವ ಹಾಗೆ ಮಾಡಿದ್ದೂ ಅವರೇ. ಆದರೆ ಯಂತ್ರದಲ್ಲಿ ಒಂದು ಸಣ್ಣ ವಿಷಯ ಇದೆ. ಅಕಾಯ್ ಎಸ್1000ದಲ್ಲಿ ಒಂದು ಶಬ್ದಕ್ಕೆ ಹೆಸರಿಡಬೇಕಾದರೆ ಸಿಗೋದು 12 ಅಕ್ಷರ. ‘ಬ್ರೇಕ್ 04’ ಅಂತಲೋ, ‘ಸ್ನೇರ್ ಹೊಸದು’ ಅಂತಲೋ ಬರೆಯಬಹುದು. ಬಾರಿಸಿದವರು ಯಾರು, ಯಾವ ಊರು, ಯಾವ ವರ್ಷ ಅಂತ ಬರೆಯೋಕೆ ಅಲ್ಲಿ ಜಾಗ ಇಲ್ಲ. ಫ್ಲಾಪಿಯಿಂದ ಫ್ಲಾಪಿಗೆ ಶಬ್ದ ಹೋಯಿತು. ಹೆಸರು ಮೊದಲ ಯಂತ್ರದಲ್ಲೇ ಉಳಿದುಬಿಟ್ಟಿತು.

ಈಗ ಆ ಫ್ಲಾಪಿಗಳು ಏನಾದವು?

ಫ್ಲಾಪಿಯ ಕಾಂತೀಯ ಲೇಪನ ವರ್ಷ ಕಳೆದ ಹಾಗೆ ಹಾಳಾಗುತ್ತೆ. ಬೂಷ್ಟು ಹಿಡಿಯುತ್ತೆ. 30–35 ವರ್ಷದ ಹಿಂದಿನ ಶಬ್ದಗಳು ಈಗ ಕೊನೆಯ ಉಸಿರಿನಲ್ಲಿವೆ. ಹಾಗಾಗಿ ಹಳೆಯ ಸ್ಯಾಂಪ್ಲರ್ ಪ್ರೀತಿಸುವವರು ಈಗ ಒಂದು ಓಟದಲ್ಲಿದ್ದಾರೆ. ಹಳೆಯ ಫ್ಲಾಪಿ ಡ್ರೈವ್ ಕಿತ್ತು, ಅದೇ ಜಾಗದಲ್ಲಿ ‘ಗೋಟೆಕ್’ನಂಥ ಪುಟ್ಟ ಪೆಟ್ಟಿಗೆ ಕೂರಿಸುತ್ತಾರೆ. ಅದಕ್ಕೆ ಪೆನ್‌ಡ್ರೈವ್ ಹಾಕಿದರೆ ಸ್ಯಾಂಪ್ಲರ್ ಅದನ್ನೇ ಫ್ಲಾಪಿ ಅಂದುಕೊಳ್ಳುತ್ತೆ. ಸ್ಕಸಿ ಡಿಸ್ಕಿನ ಜಾಗಕ್ಕೆ ಮೆಮೊರಿ ಕಾರ್ಡ್ ಬಂದಿದೆ. ನೂರಾರು ಫ್ಲಾಪಿ ಈಗ ಒಂದು ಉಗುರಿನಷ್ಟು ಜಾಗದಲ್ಲಿ.

ಎಲ್ಲಾದರೂ ಹಳೆಯ ಫ್ಲಾಪಿ ಸಿಕ್ಕರೆ ಅವರು ಪಾಲಿಸುವ ನಿಯಮ ನಮಗೂ ಉಪಯೋಗಕ್ಕೆ ಬರುತ್ತೆ. ಮೊದಲು ಅದರ ಮೂಲೆಯ ಸಣ್ಣ ಗುಂಡಿ ಸರಿಸಿ, ಯಾರೂ ಅದರ ಮೇಲೆ ಬರೆಯದ ಹಾಗೆ ಮಾಡು. ಪದೇ ಪದೇ ಓಡಿಸಬೇಡ. ಮೊದಲ ಸಲ ಓದಿದಾಗಲೇ ಇಡೀ ಡಿಸ್ಕಿನ ಯಥಾಪ್ರತಿ ತೆಗೆದುಕೋ. ಏನಿದೆ ಅಂತ ಆಮೇಲೆ ನೋಡಿದರಾಯಿತು. ಡಿಸ್ಕಿನ ಮೇಲೆ ಪೆನ್ನಿನಲ್ಲಿ ಬರೆದ ಚೀಟಿಯ ಫೋಟೋ ತೆಗೆ. ಎಷ್ಟೋ ಸಲ ಆ ಶಬ್ದ ಯಾರದ್ದು ಅಂತ ಹೇಳೋದು ಆ ಚೀಟಿ ಮಾತ್ರ.

ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಜೆ ಡಿಲ್ಲಾ ಬಳಸಿದ ಅಕಾಯ್ ಎಂಪಿಸಿ 3000 ಯಂತ್ರ ಇದೆ. ಡೆಟ್ರಾಯಿಟ್ಟಿನ ಈ ಸಂಗೀತಗಾರ 2006ರಲ್ಲಿ, ಮೂವತ್ತೆರಡನೇ ವಯಸ್ಸಿಗೇ ತೀರಿಕೊಂಡರು. ಯಂತ್ರ ಕೊಟ್ಟಿದ್ದು ಅವರ ತಾಯಿ. ಒಂದು ಪೆಟ್ಟಿಗೆ, ಹದಿನಾರು ಪ್ಯಾಡ್, ಒಂದು ಫ್ಲಾಪಿ ಕಿಂಡಿ. ವೀಣೆ, ಪಿಟೀಲನ್ನ ಇಟ್ಟ ಹಾಗೆ ಅದನ್ನೂ ಗೌರವದಿಂದ ಇಟ್ಟಿದ್ದಾರೆ.

ಕೊನೆಯದಾಗಿ

ಶುರುವಿನಲ್ಲಿ ಹೇಳಿದ ಆ ಆಡಿಯೋ ಫೈಲ್. ‘ಪಿಟಿಟಿ’ ಅಂತ ಶುರುವಾಗಿ, ಒಂದು ತಾರೀಖು, ಕೊನೆಗೆ ಒಂದು ನಂಬರ್. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜುಗಳಿಗೆ ಫೋನ್ ತಾನೇ ಇಡುವ ಹೆಸರು. ಏನೋ ಹಳೇದು ಅಂತ ಅಳಿಸೋಕೆ ಹೊರಟವನು, ಯಾಕೋ ಒಂದು ಸಲ ಒತ್ತಿ ಕೇಳಿದೆ. ನಮ್ಮ ಅಜ್ಜಿ. “ಊಟ ಆಯ್ತೇನೋ? ಆದಿತ್ಯವಾರ ಬರ್ತೀಯಾ?” ಅಷ್ಟೇ. ಒಂಬತ್ತು ಸೆಕೆಂಡ್. ಅಜ್ಜಿ ಹೋಗಿ ಮೂರು ವರ್ಷ ಆಯಿತು. ನನ್ನ ಹತ್ತಿರ ಇರುವ ಅವರ ದನಿ ಅದೊಂದೇ. ಮೂರು ಫೋನ್ ಬದಲಿಸಿದ್ದೀನಿ. ಮೂರು ಸಲವೂ ಅದು ನನಗೆ ಗೊತ್ತಿಲ್ಲದೆಯೇ ಜೊತೆಗೆ ಬಂದಿದೆ, ಹೆಸರಿಲ್ಲದೆ.

128 ಜಿಬಿ ಫೋನ್ ಇದ್ದರೂ ನಾನು ಅದನ್ನ ಕಳೆದುಕೊಳ್ಳುವವನಿದ್ದೆ. ಹತ್ತು ಸೆಕೆಂಡ್ ಮಾತ್ರ ಇದ್ದವರು ತಮ್ಮ ಹತ್ತಿರ ಇರೋ ಪ್ರತಿ ಶಬ್ದವನ್ನೂ ನೂರು ಸಲ ಕೇಳಿ, ಬೇಕು ಅಂತ ಗಟ್ಟಿ ಮಾಡಿಕೊಂಡೇ ಇಟ್ಟುಕೊಳ್ಳುತ್ತಿದ್ದರು. ನಮಗೆ ಇಡೋಕೆ ಜಾಗ ಬೇಕಾದಷ್ಟಿದೆ. ಏನಿಟ್ಟಿದ್ದೀವಿ ಅನ್ನೋದೇ ಗೊತ್ತಿಲ್ಲ.

ಅದಕ್ಕೆ ಇವತ್ತು ಒಂದು ಸಣ್ಣ ಕೆಲಸ ಕೊಡ್ತೀನಿ. ಈ ಸಂಚಿಕೆ ಮುಗಿದ ಮೇಲೆ ನಿಮ್ಮ ಫೋನಿನ ವಾಯ್ಸ್ ಮೆಸೇಜುಗಳಲ್ಲಿ ಒಂದನ್ನ ಹುಡುಕಿ. ಅಮ್ಮಂದೋ, ಅಜ್ಜಂದೋ, ಊರಿನ ಗೆಳೆಯಂದೋ. ಅದಕ್ಕೆ ಒಂದು ಹೆಸರು ಕೊಡಿ. ಯಾರು ಮಾತಾಡಿದ್ದು, ಎಲ್ಲಿ, ಯಾವಾಗ. ಇನ್ನೊಂದು ಕಡೆ ಒಂದು ಕಾಪಿ ಇಡಿ. ನಾನು ಅವತ್ತೇ ನನ್ನ ಫೈಲಿಗೆ ಹೆಸರು ಬದಲಿಸಿದೆ. 12 ಅಕ್ಷರ ಸಾಲಲಿಲ್ಲ, ಪುಣ್ಯಕ್ಕೆ ಈಗ ಆ ಮಿತಿ ಇಲ್ಲ.